ಬೀಗವೂ ಎದುರಿನ ಗುಡ್ಡವೂ

ಬಳ್ಳಾರಿಯ ಕೋಟೆಯನ್ನು ಕುರಿತು ಒಂದು ಐತಿಹ್ಯ ಆ ಸೀಮೆಯಲ್ಲಿ ಇಂದಿಗೂ ಪ್ರಚಲಿತವಾಗಿದೆ. 18ನೆಯ ಶತಮಾನದಲ್ಲಿ ಹೈದರಾಲಿಯು ಒಬ್ಬ ಫ್ರೆಂಚ್ ಇಂಜಿನಿಯರನಿಂದ ಆ ಕೋಟೆಯನ್ನು ಭದ್ರಪಡಿಸಿದನಂತೆ. ಕೆಲಸವೆಲ್ಲ ಮುಗಿದ ಮೇಲೆ, ಎದುರಿನ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತಲೂ ಎತ್ತರವಾಗಿರುವುದು ಕಣ್ಣಿಗೆ ಬಿದ್ದಿತು. ಅಲ್ಲಿ ಫಿರಂಗಿಯನ್ನು ನಿಲ್ಲಿಸಿದ ಶತ್ರುವಿಗೆ ಇಲ್ಲಿಯ ಗೋಡೆ ಎಷ್ಟು ದಪ್ಪವಿದ್ದರೇನು? ಕುಪಿತನಾದ ಹೈದರನು ಇಂಜಿನಿಯರನನ್ನು ಕೋಟೆಯ ಬಾಗಿಲಲ್ಲಿಯೇ ಗಲ್ಲಿಗೇರಿಸಿದನೆಂದು ಕಥೆ. ಅದರ ಸತ್ಯಾಸತ್ಯತೆಯನ್ನು ಇತಿಹಾಸಜ್ಞರು ವಿಚಾರಿಸಲಿ. ನೀತಿ ಮಾತ್ರ ಪ್ರತಿಯೊಂದು ಮನೆಯ ಬಾಗಿಲಿಗೂ ಅನ್ವಯಿಸತಕ್ಕದ್ದು.

ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೊರಟ ಬಳ್ಳಾರಿಯ ಸಂಸಾರವಾಗಲಿ, ಮದುವೆಯ ಜವಳಿಗೆಂದು ಬಳ್ಳಾರಿಯ ಬಸ್ಸು ಹತ್ತುವ ಸಿರುಗುಪ್ಪದ ಸಂಸಾರವಾಗಲಿ, ಬಾಗಿಲಿಗೆ ಬೀಗ ಜಡಿದು, ಎರಡು ಬಾರಿ ಜಗ್ಗಿ ನೋಡಿದ ಮೇಲೆಯೇ ಮೆಟ್ಟಿಲಿಳಿಯುವುದು ವಾಡಿಕೆ. ಆದರೆ ಜಗ್ಗಿ ನೋಡುವುದರಿಂದ ತಿಳಿಯುವುದು ಕಬ್ಬಿಣದ ಬಲವಷ್ಟೆ. ತನ್ನ ಕೀಲಿಕೈಯನ್ನು ಅನ್ಯರ ಕೈವಾಡದಿಂದ ಬೇರ್ಪಡಿಸಿ ಗುರುತಿಸುವ ಬುದ್ಧಿ ಬೀಗಕ್ಕೆ ಎಷ್ಟಿದೆಯೆಂಬುದು ಅದರಿಂದ ತಿಳಿಯದು.

ಆ ಬುದ್ಧಿಯ ಸ್ವರೂಪವೇನು? ಅಮೆರಿಕದ ಲೈನಸ್ ಯೇಲ್ ಎಂಬಾತನು 1861 ಮತ್ತು 1865ರಲ್ಲಿ ಪೇಟೆಂಟು ಪಡೆದ ಬೀಗವೇ ಇಂದಿನ ಬಹುಪಾಲು ಬಾಗಿಲುಗಳ ಬೀಗಕ್ಕೆ ಮೂಲ. ಅದರ ತತ್ತ್ವ ಪ್ರಾಚೀನ ಈಜಿಪ್ಟಿನ ಮರದ ಬೀಗದಲ್ಲಿಯೇ ಉಂಟು. ತಿರುಗುವ ಉರುಳೆಯೊಂದರೊಳಕ್ಕೆ ಪುಟ್ಟ ಕಡ್ಡಿಗಳು ಇಳಿಬಿದ್ದು ಅದನ್ನು ತಡೆದಿರುತ್ತವೆ. ಪ್ರತಿಯೊಂದು ಕಡ್ಡಿಯೂ ಎರಡು ತುಂಡು. ಮೇಲಿನಿಂದ ಸ್ಪ್ರಿಂಗು ಅದುಮುತ್ತಿರುತ್ತದೆ. ಸರಿಯಾದ ಕೀಲಿಕೈಯ ಹಲ್ಲುಗಳು ಎಲ್ಲ ಕಡ್ಡಿಗಳನ್ನೂ ತಕ್ಕಷ್ಟೇ ಎತ್ತಿದಾಗ, ತುಂಡುಗಳ ನಡುವಣ ಸಂದುಗಳೆಲ್ಲ ಉರುಳೆಯ ಅಂಚಿನಲ್ಲಿ ಸಾಲಾಗಿ ನಿಲ್ಲುತ್ತವೆ. ಆಗ ಬೀಗ ತಿರುಗುತ್ತದೆ.

ಇದಕ್ಕೂ ಒಂದು ಕುಂಬಾರಗುಡ್ಡ ಉಂಟು! ಕೇರಂ ಆಡುವ ಮಕ್ಕಳಿಗೆ ಅದು ಬಲ್ಲ ಸಂಗತಿಯೇ. ಒಂದಕ್ಕೊಂದು ತಾಗಿದ ಎರಡು ಕಾಯಿಗಳಲ್ಲಿ ಮೊದಲನೆಯದಕ್ಕೆ ಹೊಡೆದರೆ, ಅದು ಅಲ್ಲಿಯೇ ನಿಲ್ಲುತ್ತದೆ, ಹಿಂದಿನದು ಹಾರುತ್ತದೆ. ಬೀಗದ ಕಡ್ಡಿಗೆ ಕೆಳಗಿನಿಂದ ಪೆಟ್ಟು ತಗುಲಿದರೂ ಹೀಗೆಯೇ. ಮೇಲಿನ ತುಂಡು ಹಾರಿ, ಕ್ಷಣಮಾತ್ರ ನಡುವೆ ತೆರವು ಉಂಟಾಗುತ್ತದೆ. ಈ ತತ್ತ್ವದ ಮೇಲೆ ಪಿಸ್ತೂಲಿನಾಕಾರದ ಸಲಕರಣೆಯೂ, ಅನಂತರ ವಿದ್ಯುತ್ತಿನಿಂದ ಕಂಪಿಸುವ ಯಂತ್ರವೂ ಬಂದವು. ಮನೆಬಳಕೆಯ ವಿದ್ಯುತ್ ಗರಗಸವನ್ನೇ ಇದಕ್ಕಾಗಿ ಮಾರ್ಪಡಿಸಿಕೊಂಡ ಹವ್ಯಾಸಿಗಳೂ ಉಂಟು. ಕಡ್ಡಿಗಳ ಬದಲು ಲಿವರುಗಳಿರುವ ಬೀಗದಲ್ಲಿ ಮಾತ್ರ ಹಾರತಕ್ಕ ಜೋಡಿಯೇ ಇಲ್ಲದುದರಿಂದ, ಅಲ್ಲಿ ಈ ಉಪಾಯ ನಡೆಯದು.

ಇಂತಹ ಮಾತನ್ನು ಬಹಿರಂಗವಾಗಿ ಆಡಬಹುದೆ? ಈ ಪ್ರಶ್ನೆ ಹೊಸದಲ್ಲ. 1851ರಲ್ಲಿ ಲಂಡನ್ನಿನಲ್ಲಿ ಮಹಾಪ್ರದರ್ಶನ ನಡೆದಾಗ, ಹಾಬ್ಸ್ ಎಂಬ ಅಮೆರಿಕದ ಬೀಗತಜ್ಞನು ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದನು. ಬ್ರಾಮಾ ಕಂಪೆನಿಯವರು ತಮ್ಮ ಬೀಗವನ್ನು ತೆರೆದವರಿಗೆ 200 ಗಿನಿಗಳ ಬಹುಮಾನವೆಂದು ಅಂಗಡಿಯ ಕಿಟಕಿಯಲ್ಲಿಯೇ ಸಾರಿದ್ದರು. 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಹಾಬ್ಸನು ಅದನ್ನೂ ತೆರೆದನು. ಇಂಗ್ಲೆಂಡಿನ ಗೃಹಸ್ಥರು ದಿಗಿಲುಗೊಂಡರು. ಕಳ್ಳರಿಗೆ ಪಾಠ ಹೇಳಿದಂತಾಯಿತೆಂದು ಆಕ್ಷೇಪಿಸಿದವರೂ ಉಂಟು. ಆದರೆ 1853ರಲ್ಲಿ ಪ್ರಕಟವಾದ ಟಾಮ್ಲಿನ್‌ಸನ್ನನ ಬೀಗಶಾಸ್ತ್ರದ ಗ್ರಂಥವು ಇದಕ್ಕೆ ಸಮಾಧಾನ ನೀಡಿತು: ಕಳ್ಳರು ತಮ್ಮ ಕಸುಬನ್ನು ಮೊದಲೇ ಬಲ್ಲರು, ತಿಳಿಯದಿರುವವನು ಬೀಗ ಕೊಳ್ಳುವ ಸಾಧು ಗೃಹಸ್ಥನೊಬ್ಬನೇ. ಲೋಪ ಬಯಲಾದ್ದರಿಂದಲೇ ಬೀಗಗಳು ಉತ್ತಮಗೊಂಡವು. ಕುಂಬಾರಗುಡ್ಡದ ಎತ್ತರವನ್ನು ಕಟ್ಟುವ ಮುನ್ನವೇ ಯಾರಾದರೂ ಆಡಿತೋರಿಸಿದ್ದರೆ ಇಂಜಿನಿಯರನ ಕೊರಳು ಉಳಿಯುತ್ತಿರಲಿಲ್ಲವೆ?

ಬಲ್ಲೆನೆಂದ ಮಾತ್ರಕ್ಕೆ ಪರರ ಬೀಗಕ್ಕೆ ಕೈಹಚ್ಚುವಂತಿಲ್ಲವೆಂಬುದೂ ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಅದಕ್ಕೆ ಹಿಂದಿನ ದಂಡಸಂಹಿತೆಯಂತೆಯೇ, ಅತಿಕ್ರಮವಾಗಿ ಒಳಹೋಗಲು ಬೀಗ ತೆರೆಯುವುದೂ ಗೋಡೆಗೆ ಕನ್ನ ಕೊರೆಯುವುದೂ ಒಂದೇ ಬಗೆಯ ಅಪರಾಧ.

ಹಾಗಾದರೆ ಗೃಹಿಣಿ ಏನು ಮಾಡಬೇಕು? ಹಳೆಯ ಕಾಲದಲ್ಲಿ ಈ ಸೀಮೆಯ ರೈತನು ಜೋಳವನ್ನು ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದನು. ಅಲ್ಲಿ ಬೀಗವಿರಲಿಲ್ಲ. ಸದ್ದಿಲ್ಲದೆ, ನಾಲ್ವರ ಕಣ್ಣಿಗೆ ಬೀಳದೆ ಅದನ್ನು ಬಗೆಯುವುದು ಸುಲಭವಲ್ಲವೆಂಬುದೇ ಕಾವಲು. ಬೀಗದ ಕೆಲಸವೂ ಇಷ್ಟೇ: ಕಳ್ಳನ ಹೊತ್ತನ್ನು ತಿನ್ನುವುದು, ಅವನಿಂದ ಸದ್ದು ಮಾಡಿಸುವುದು. ಆದುದರಿಂದ ಬೆಲೆಬಾಳುವ ಬೀಗವನ್ನು ಕೊಳ್ಳುವ ಮುನ್ನ ಅದನ್ನು ಹೊತ್ತ ಚಿಲಕವನ್ನೂ, ಚಿಲಕವನ್ನು ಹಿಡಿದ ತಿರುಪುಗಳನ್ನೂ, ಗೆದ್ದಲು ಹಿಡಿದ ಚೌಕಟ್ಟನ್ನೂ, ಹಿತ್ತಲ ಬಾಗಿಲನ್ನೂ ನೋಡಬೇಕು. ಕಬ್ಬಿಣದ ಸಲಾಕೆ ಹಿಡಿದು ಬಂದವನಿಗೆ ವಿದ್ಯುತ್ತಿನ ಯಂತ್ರ ಏತಕ್ಕೆ? ಬಾಗಿಲ ಮೇಲಿನ ಪಟ್ಟಿಯಲ್ಲೋ ತುಳಸಿಕಟ್ಟೆಯ ಸಂದಿಯಲ್ಲೋ ಕೀಲಿಕೈ ಇರಿಸಿದ ಮನೆಗಂತೂ ಸಲಾಕೆಯೂ ಬೇಡ. ಊರಿಗೆ ಹೊರಡುವಾಗ ನೆರೆಮನೆಯಾಕೆಗೆ "ಸ್ವಲ್ಪ ಮನೆಯ ಕಡೆ ನೋಡಿಕೊಳ್ಳಿ ಅಕ್ಕಾ" ಎಂದು ಹೇಳಿ ಹೋಗುವ ಹಳೆಯ ಪದ್ಧತಿಗೆ ಸಮನಾದ ಬೀಗವನ್ನು ಇನ್ನೂ ಯಾವ ಕಂಪೆನಿಯೂ ತಯಾರಿಸಿಲ್ಲ.