ಎರಡು ಸದನ, ಒಂದು ಸಮಿತಿ

ಈ ಸಂಚಿಕೆಯ ಬಹುಪಾಲು ಬರಹಗಳು ಕಾಳಿ ಕಣಿವೆಯವು: ಅಣೆಕಟ್ಟಿನ ನೀರಲ್ಲಿ ಸುಪಾ ಊರು ಮುಳುಗಿದಾಗ ಎದ್ದುಬಂದವರ ನೆನಪು, ಸಿದ್ದಿಯರ ಡಮಾಮಿ ಕುಣಿತ, ಜೋಯಿಡಾದ ಕುಣಬಿಯರ ಗೆಡ್ಡೆ-ಗೆಣಸು. ಇವುಗಳ ಜೊತೆಗೆ ಶಾಸಕಾಂಗದ ಜಂಟಿ ಸಮಿತಿಗಳ ಮಾತೇಕೆ ಎಂದು ಓದುಗರು ಹುಬ್ಬೇರಿಸಬಹುದು. ಕಾರಣ ನಮ್ಮ ಪ್ರಾತಿನಿಧ್ಯದ ಲೆಕ್ಕದಲ್ಲಿದೆ.

ಹಳಿಯಾಳ, ದಾಂಡೇಲಿ, ಜೋಯಿಡಾ ಮೂರಕ್ಕೂ ಸೇರಿ ಶಾಸಕರು ಒಬ್ಬರೇ. ಮುಂಡಗೋಡ ಯಲ್ಲಾಪುರ ಕ್ಷೇತ್ರದ ಪಾಲು. 224 ಜನರ ವಿಧಾನಸಭೆಯಲ್ಲಿ ಇಷ್ಟು ದೊಡ್ಡ ಕಾಡಿನ ದನಿ ಇಷ್ಟೇ. 75 ಜನರ ವಿಧಾನ ಪರಿಷತ್ತಿಗೆ ಮಾತ್ರ ನಮಗೆ ದಾರಿಗಳು ಹಲವು. ದಾಂಡೇಲಿ ನಗರಸಭೆಯ ಸದಸ್ಯರಿಂದ ಹಿಡಿದು ಜೋಯಿಡಾದ ಗ್ರಾಮ ಪಂಚಾಯಿತಿ ಸದಸ್ಯೆಯವರೆಗೆ ಎಲ್ಲರೂ ಸ್ಥಳೀಯ ಸಂಸ್ಥೆಗಳ ಕ್ಷೇತ್ರದ ಮತದಾರರು. ನಮ್ಮ ಮೇಷ್ಟ್ರುಗಳು ಬಸವರಾಜ ಹೊರಟ್ಟಿಯವರನ್ನು 1980ರಿಂದ ಗೆಲ್ಲಿಸುತ್ತ ಬಂದ ಪಶ್ಚಿಮ ಶಿಕ್ಷಕರ ಕ್ಷೇತ್ರಕ್ಕೆ ಸೇರಿದವರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ನಾಮಕರಣಗೊಂಡು ಪರಿಷತ್ತಿಗೆ ಹೋದರು. ಸಿದ್ದಿ ಸಮುದಾಯದಿಂದ ವಿಧಾನಸೌಧದ ಮೆಟ್ಟಿಲೇರಿದ ಮೊದಲ ಶಾಸಕರು ಅವರು. ಚುನಾವಣೆಯ ಲೆಕ್ಕದಲ್ಲಿ ಅದು ಸುಲಭವಿರಲಿಲ್ಲ ಎಂದು ಯಾರೂ ಹೇಳಬೇಕಿಲ್ಲ.

ಆದರೆ ಪರಿಷತ್ತಿನ ಕೈ ಗಿಡ್ಡ. ವಿಧಾನಸಭೆ ಒಪ್ಪಿದ ಮಸೂದೆಯನ್ನು ಅದು ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು ತಡೆಹಿಡಿಯಬಹುದು, ಅಷ್ಟೆ. ಸಂವಿಧಾನದ 197ನೇ ವಿಧಿ ಹೇಳುವುದು ಅದನ್ನೇ. ಬಿಕ್ಕಟ್ಟು ಬಗೆಹರಿಸಲು ಸಂಸತ್ತಿಗೆ ಜಂಟಿ ಅಧಿವೇಶನವಿದೆ, ರಾಜ್ಯಗಳಿಗೆ ಅದೂ ಇಲ್ಲ. ಹಾಗಾಗಿ ಪರಿಷತ್ ಸದಸ್ಯರ ಮತ ಶಾಸಕರ ಮತಕ್ಕೆ ಸಮನಾಗಿ ನಿಲ್ಲುವ ಜಾಗವೆಂದರೆ ಜಂಟಿ ಸಮಿತಿ.

ಅದು ಹುಟ್ಟುವ ಬಗೆಯೂ ಸರಳ. ಮಸೂದೆಯನ್ನು ಜಂಟಿ ಪರಿಶೀಲನಾ ಸಮಿತಿಗೆ ಒಪ್ಪಿಸಬೇಕೆಂದು ಒಂದು ಸದನ ನಿರ್ಣಯ ಮಾಡುತ್ತದೆ, ನಿಮ್ಮಿಂದ ಇಷ್ಟು ಜನ ಬೇಕೆಂದು ಇನ್ನೊಂದಕ್ಕೆ ಹೇಳಿಕಳಿಸುತ್ತದೆ. ಅದು ಒಪ್ಪಿ ಹೆಸರು ಕೊಟ್ಟರೆ ಸಮಿತಿ ಸಿದ್ಧ. ಮಸೂದೆಗಷ್ಟೇ ಅಲ್ಲ, ಹಗರಣದ ತನಿಖೆಗೂ ಇಂಥ ಸಮಿತಿ ಆಗುತ್ತದೆ: ಬೋಫೋರ್ಸ್ ಹಗರಣಕ್ಕೆ 1987ರಲ್ಲಿ ಸಂಸತ್ತು ರಚಿಸಿದ ಸಮಿತಿಯಲ್ಲಿ ಲೋಕಸಭೆಯ 20, ರಾಜ್ಯಸಭೆಯ 10 ಜನರಿದ್ದರು. ಅಧ್ಯಕ್ಷರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದ. ನಮ್ಮ ರಾಜ್ಯದ ಲೆಕ್ಕಪತ್ರ ಸಮಿತಿಯಂಥ ಕಾಯಂ ಸಮಿತಿಗಳಲ್ಲಿ ವಿಧಾನಸಭೆಯವರು 15, ಪರಿಷತ್ತಿನವರು 5. ಲೆಕ್ಕಪತ್ರ ಸಮಿತಿಯಲ್ಲಿ ಮಂತ್ರಿಗಳಿಗೆ ಜಾಗವಿಲ್ಲ. ಹಳಿಯಾಳದ ಆರ್.ವಿ. ದೇಶಪಾಂಡೆಯವರು ಮಂತ್ರಿಯಾಗಿದ್ದ ವರ್ಷಗಳಲ್ಲಿ ಅಲ್ಲಿ ನಮ್ಮ ಕಡೆಯ ಮಾತಾಡಲು ಪರಿಷತ್ತಿನವರೇ ಗತಿ ಎಂಬುದನ್ನು ನೆನಪಿಡಬೇಕು.

ಇಂಥ ಸಮಿತಿಗಳಿಂದ ಕೆಲಸ ಆಗುತ್ತದೆಯೇ? ಕೆಲವೊಮ್ಮೆ ಆಗುತ್ತದೆ. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಜಮೀನಿನ ಒತ್ತುವರಿಯನ್ನು ಬಯಲಿಗೆಳೆಯಿತು. ಗ್ರೇಟರ್ ಬೆಂಗಳೂರು ಮಸೂದೆಯೂ 2024ರಲ್ಲಿ ರಿಜ್ವಾನ್ ಅರ್ಷದ್ ನೇತೃತ್ವದ ಜಂಟಿ ಸಮಿತಿಯ ಮುಂದೆ ಹೋಯಿತು. ರಾಜಧಾನಿಯ ನೆಲಕ್ಕೆ ಸಿಕ್ಕ ಈ ಗಮನ ಕಾಳಿ ಕಣಿವೆಗೂ ಸಿಗಬೇಕು. ಸುಪಾದ ಸಂತ್ರಸ್ತರು, ಅರಣ್ಯ ಹಕ್ಕಿಗಾಗಿ ಅರ್ಜಿ ಹಾಕಿ ಕಾಯುತ್ತಿರುವವರು ಎರಡೂ ಸದನಗಳ ಎದುರು ಕೂತು ಮಾತಾಡಲು ಇದಕ್ಕಿಂತ ತಕ್ಕ ವೇದಿಕೆ ಬೇರೆ ಕಾಣುವುದಿಲ್ಲ.

ಪಂಚಾಯಿತಿ ಸದಸ್ಯರಾಗಿರುವ ಓದುಗರು, ಶಿಕ್ಷಕ ಓದುಗರು ಮುಂದಿನ ಸಲ ಮತ ಕೇಳಲು ಬಂದವರಲ್ಲಿ ಈ ಬೇಡಿಕೆಯನ್ನು ಬರವಣಿಗೆಯಲ್ಲೇ ಇಡಲಿ. ಅದರ ಒಂದು ಪ್ರತಿಯನ್ನು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.