ಕೋಟೆ ಯಾರನ್ನು ಕಾಯಿತು? ಹೆಬ್ಬೆಟ್ಟನ್ನು ಯಾರು ಕಾಯಬೇಕು?

ಕೊಪ್ಪಳದ ಕೋಟೆ ಹತ್ತಿ ನೋಡಿದವರಿಗೆ ಅದನ್ನು ಗೆಲ್ಲುವುದು ಎಷ್ಟು ಕಷ್ಟವಿತ್ತೆಂದು ಗೊತ್ತು. 1786ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ಹಿಡಿದು, ಫ್ರೆಂಚ್ ಎಂಜಿನಿಯರುಗಳಿಂದ ಗಟ್ಟಿ ಮಾಡಿಸಿದ. ಮುಂದೆ ಬ್ರಿಟಿಷರು ಮತ್ತು ನಿಜಾಮನ ಸೈನ್ಯ ಅದರ ಬುಡದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು.

ಆ ಗೋಡೆ ಕಾಯ್ದದ್ದು ಯಾರನ್ನು? ಅರಸನ ದಂಡು, ಮದ್ದುಗುಂಡು, ಕಣಜ. ಹೊಲದಲ್ಲಿದ್ದ ರೈತ ಗೋಡೆಯ ಹೊರಗೇ ಉಳಿದ.

ರೋಮ್ ಕಥೆ ಇನ್ನೂ ಕೆಟ್ಟದ್ದು. 193ರಲ್ಲಿ ಚಕ್ರವರ್ತಿಯನ್ನು ಕಾಯಬೇಕಿದ್ದ ಪಡೆಯೇ ಅವನನ್ನು ಕೊಂದು, ಪಟ್ಟವನ್ನು ಹರಾಜಿಗಿಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಇವತ್ತಿನ ಕಣಜ ಕೋಟೆಯಲ್ಲಿಲ್ಲ, ಸರ್ವರ್‌ನಲ್ಲಿದೆ. ರೇಷನ್ನಿಗೆ ಹೆಬ್ಬೆಟ್ಟು, ಬ್ಯಾಂಕ್ ಮಿತ್ರನ ಹತ್ತಿರ ರೊಕ್ಕ ತೆಗೆಯಲು ಹೆಬ್ಬೆಟ್ಟು, ಹೊಲ ನೋಂದಣಿಗೂ ಹೆಬ್ಬೆಟ್ಟು. ಬೇಡ ಅನ್ನುವ ಹಕ್ಕು ನಮಗೆ ಯಾರೂ ಕೊಡಲಿಲ್ಲ.

2023ರಲ್ಲಿ ಮಂಗಳೂರು, ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಯಿಂದ ಹಣ ಹೋಯಿತು. ಒಟಿಪಿ ಇಲ್ಲ, ಲಿಂಕ್ ಇಲ್ಲ. ಸರ್ಕಾರದ ಕಾವೇರಿ ಪೋರ್ಟಲ್‌ನಿಂದ ಇಳಿಸಿಕೊಂಡ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ ಕದ್ದದ್ದು ತನಿಖೆಯಲ್ಲಿ ಹೊರಬಿತ್ತು. ಬೆರಳಚ್ಚು ಮರೆಮಾಡುವ ಕ್ರಮ ಬಂದದ್ದು ಆಮೇಲೆ. ಪಾಸ್‌ವರ್ಡ್ ಬದಲಿಸಬಹುದು. ಹೆಬ್ಬೆಟ್ಟು ಬದಲಿಸುವುದು ಹೇಗೆ?

'ಒಟಿಪಿ ಕೊಡಬೇಡಿ, ಜಾಗೃತರಾಗಿರಿ' ಅನ್ನುತ್ತಾರೆ ಅಧಿಕಾರಿಗಳು. ಮಾತು ಸರಿ. ವಾಟ್ಸಾಪಿನಲ್ಲಿ ಬಂದ ಎಪಿಕೆ ಫೈಲ್ ತೆರೆಯಬಾರದು. 'ಡಿಜಿಟಲ್ ಅರೆಸ್ಟ್' ಅನ್ನುವುದು ಯಾವ ಕಾನೂನಿನಲ್ಲೂ ಇಲ್ಲ, ಹೆದರಬಾರದು. ಆದರೆ ಸರ್ಕಾರದ ಕಪಾಟಿನಿಂದಲೇ ಹೆಬ್ಬೆಟ್ಟು ಹೋದರೆ ಜಾಗೃತರಾಗಬೇಕಾದವರು ಯಾರು?

2017ರ ಆರ್‌ಬಿಐ ಸುತ್ತೋಲೆ ಪ್ರಕಾರ, ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾಗ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕನ ಮೇಲೆ ಬೀಳುವುದಿಲ್ಲ. ಒಳ್ಳೆಯದೇ. ಆದರೆ ಯಲಬುರ್ಗಾ ಕಡೆಯ ಅವ್ವನ ಖಾತೆಗೆ ಜೋಡಿಸಿದ ನಂಬರು ಮಂಗಳೂರಿಗೆ ದುಡಿಯಲು ಹೋದ ಮಗನ ಕಿಸೆಯಲ್ಲಿದೆ. ಗೃಹಲಕ್ಷ್ಮಿಯ 2,000 ರೂಪಾಯಿ ಹೋದದ್ದು ಅವಳಿಗೆ ತಿಳಿಯುವುದು ಯಾವಾಗ?

ತಿಳಿದ ಮೇಲೆ ಹೋಗುವುದೆಲ್ಲಿಗೆ? ಸೈಬರ್ ಅಪರಾಧಕ್ಕೆಂದೇ ಇರುವ ಠಾಣೆ ಜಿಲ್ಲಾ ಕೇಂದ್ರದಲ್ಲಿದೆ. ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಇನ್‌ಸ್ಪೆಕ್ಟರ್ ಅಥವಾ ಮೇಲಿನ ಅಧಿಕಾರಿಯೇ ತನಿಖೆ ಮಾಡಬೇಕು. ಗಂಗಾವತಿಯಿಂದಲೋ ಕುಷ್ಟಗಿಯಿಂದಲೋ ಕೊಪ್ಪಳಕ್ಕೆ ಬಸ್ಸು ಹತ್ತಿದರೆ ಒಂದು ದಿನದ ಕೂಲಿ ಹೋಯಿತು.

ನಾವು ಕೇಳುವುದು ಮೂರೇ. ಪ್ರತಿ ತಾಲ್ಲೂಕಿನಲ್ಲಿ ದೂರು ಬರೆದುಕೊಳ್ಳುವ ಸೈಬರ್ ಕೌಂಟರ್ ಇರಲಿ. ಸರ್ಕಾರಿ ದಾಖಲೆಯಿಂದ ಹೆಬ್ಬೆಟ್ಟು ಸೋರಿದರೆ ನಷ್ಟವನ್ನು ಸರ್ಕಾರವೇ ತುಂಬಲಿ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪ್ರತಿ ಜಾಗದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡುವುದು ಹೇಗೆಂದು ಕನ್ನಡದಲ್ಲಿ ಬರೆದು ಹಾಕಲಿ.

ಅಲ್ಲಿಯವರೆಗೆ ನೀವು ಮಾಡಬೇಕಾದದ್ದು: ಎಂ-ಆಧಾರ್ ಆಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ರೇಷನ್ ದಿನ ತೆರೆಯಿರಿ. ಹಣ ಹೋದ ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. 'ನಮ್ಮ ಹದ್ದಿಗೆ ಬರಲ್ಲ' ಎಂದು ಠಾಣೆಯವರು ಅಂದರೆ, ಹದ್ದು ಯಾವುದೇ ಇರಲಿ ದೂರು ಬರೆದುಕೊಳ್ಳಬೇಕೆಂಬ ಕಾನೂನು ಇದೆ ಎಂದು ಹೇಳಿ.

ದೇಶದ ಭದ್ರತೆ ಗಡಿಯಲ್ಲಷ್ಟೇ ಇಲ್ಲ. ಅವ್ವನ ಹೆಬ್ಬೆಟ್ಟಿನಲ್ಲೂ ಇದೆ. ಅದನ್ನು ಕಾಯದ ಕೋಟೆ ಎಷ್ಟು ಎತ್ತರ ಇದ್ದರೇನು?