ಬೇಲಿ ಮೇಲಿಂದ ಬಂದ ಮೊಟ್ಟೆ

ಕ್ರೇಗಿಬರ್ನ್‌ನಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಮನೆ ಹಿತ್ತಲಿಗೂ ಮಧ್ಯೆ ಆಳೆತ್ತರದ ಮರದ ಬೇಲಿ. ಆ ಕಡೆ ಇರಾಕಿನಿಂದ ಬಂದ ಒಬ್ಬ ಅಜ್ಜಿ, ಅವರ ಐದು ಕೋಳಿ. ಅಜ್ಜಿಗೆ ಇಂಗ್ಲಿಷ್ ಬರಲ್ಲ, ನನಗೆ ಅರಬ್ಬಿ ಬರಲ್ಲ. ಶನಿವಾರ ಬೆಳಗ್ಗೆ ಬೇಲಿ ಮೇಲೆ ಒಂದು ಬಟ್ಟಲು ಮೇಲೇಳುತ್ತೆ, ಅದರಲ್ಲಿ ಆರು ಮೊಟ್ಟೆ. ಅಷ್ಟೇ ಮಾತುಕತೆ!

ಮೊದಲ ಸಲ ಖುಷಿಯಲ್ಲಿ ಆರನ್ನೂ ಬೇಯಿಸಿದೆ. ಸಿಪ್ಪೆ ಸುಲಿಯೋಕೆ ಹೋದ್ರೆ ಅರ್ಧ ಮೊಟ್ಟೆ ಸಿಪ್ಪೆ ಜೊತೆಗೇ ಬಂತು. ಉಳಿದದ್ದು ಚಂದ್ರನ ಮೇಲ್ಮೈ. ಇಂಜಿನಿಯರ್ ಅಲ್ವಾ, ಡೀಬಗ್ ಮಾಡದೆ ಬಿಡ್ತೀನಾ? ಹೊಸ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇನ್ನೂ ಉಳಿದಿರುತ್ತೆ, ಪಿಎಚ್ 7.6ರ ಆಸುಪಾಸು. ಆಗ ಬಿಳಿ ಒಳಪೊರೆಗೆ ಕಚ್ಚಿಕೊಳ್ಳುತ್ತಂತೆ. ದಿನ ಕಳೆದ ಹಾಗೆ ಅನಿಲ ಚಿಪ್ಪಿನ ರಂಧ್ರಗಳಿಂದ ಸೋರಿಹೋಗಿ ಪಿಎಚ್ 9 ದಾಟಿದ ಮೇಲೆ ಸಿಪ್ಪೆ ಸಲೀಸು. ಅಂದ್ರೆ ಬೇಯಿಸೋಕೆ ಅಂಗಡಿಯ ಹಳೇ ಮೊಟ್ಟೆಯೇ ಸರಿ. (ಕೇಸರಿ ಬಣ್ಣದ ಹಳದಿ ಕೂಡ ತಾಜಾತನದ ಗುರುತಲ್ಲ, ಕೋಳಿ ತಿಂದ ಸೊಪ್ಪಿನ ಗುರುತು.)

ಇನ್ನೊಂದು ಭಯವೂ ಇತ್ತು. ಮ್ಯಾಕ್ವಾರಿ ವಿಶ್ವವಿದ್ಯಾಲಯದವರು 2022ರಲ್ಲಿ ಸಿಡ್ನಿಯ ಹಿತ್ತಲ ಕೋಳಿಗಳ ಮೊಟ್ಟೆ ಪರೀಕ್ಷಿಸಿದಾಗ, ಅಂಗಡಿ ಮೊಟ್ಟೆಗಿಂತ ಸರಾಸರಿ 40 ಪಟ್ಟು ಹೆಚ್ಚು ಸೀಸ ಸಿಕ್ಕಿತ್ತು. ಹಳೇ ಮನೆಗಳ ಬಣ್ಣ, ಹಳೇ ಪೆಟ್ರೋಲಿನ ಹೊಗೆ ಮಣ್ಣಿಗಿಳಿದದ್ದು. ನಮ್ಮದು ಹೊಸ ಬಡಾವಣೆ, ನಿನ್ನೆ ಮೊನ್ನೆವರೆಗೂ ಹುಲ್ಲುಗಾವಲು. ಧೈರ್ಯ ಮಾಡಿದೆ.

ಅಮ್ಮನಿಗೆ ಫೋನ್ ಮಾಡಿದೆ. "ಒಡೆದು ಹಾಕೋ ಸಾರು ಮಾಡೋ" ಅಂದ್ಲು. ಈರುಳ್ಳಿ, ತೆಂಗಿನಕಾಯಿ, ಧನಿಯಾ, ಖಾರದಪುಡಿ ರುಬ್ಬಿ ಕುದಿಸು, ಉರಿ ಸಣ್ಣ ಮಾಡು, ಒಂದೊಂದೇ ಮೊಟ್ಟೆ ಒಡೆದು ಬಿಡು, ಸೌಟು ಹಾಕಬೇಡ. ಅಂಗಡಿ ಮೊಟ್ಟೆಯಲ್ಲಿ ಮಾಡಿದಾಗೆಲ್ಲ ಬಿಳಿ ನೀರಾಗಿ ಸಾರಿಡೀ ನಾರುನಾರು ಆಗ್ತಿತ್ತು. ಇವು ಮಾತ್ರ ಬಿದ್ದ ಜಾಗದಲ್ಲೇ ಮುದುಡಿ ಕೂತವು. ಮುದ್ದೆ ಜೊತೆ ತಿಂದೆ. ಏನ್ ಹೇಳಲಿ!

ಮಳವಳ್ಳಿ ಕಡೆಯ ನಮ್ಮೂರಲ್ಲಿ ಅಜ್ಜಿ ಹತ್ತು ನಾಟಿಕೋಳಿ ಸಾಕಿದ್ದಳು. ಮೊಟ್ಟೆಯೆಲ್ಲ ಅಂಗಡಿಗೆ. ಬಿರುಕು ಬಿಟ್ಟದ್ದು ಮಾತ್ರ ಸಾರಿಗೆ, ಅದೂ ಮೊಮ್ಮಕ್ಕಳಿಗೆ. ನನ್ನ ಸ್ಕೂಲ್ ಬ್ಯಾಗು, ಬೂಟು ಎಲ್ಲ ಆ ದುಡ್ಡಲ್ಲೇ ಬಂದದ್ದು ಅಂತ ಅಮ್ಮ ಈಗ ಹೇಳಿದಳು. "ಅಜ್ಜಿಗೆ ಮೊಟ್ಟೆ ಸೇರ್ತಿರಲಿಲ್ಲ ಅಲ್ವಾ?" ಅಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂತ ನಿಮಗೆ ಹೇಳ್ತಿದ್ಲು" ಅಂದಳು.

ಜೂನ್ 2024ರಲ್ಲಿ ವಿಕ್ಟೋರಿಯಾದ ಫಾರಂಗಳಿಗೆ ಹಕ್ಕಿಜ್ವರ ಬಂದು, ಕೋಲ್ಸ್‌ನಲ್ಲಿ ತಲೆಗೆ ಎರಡೇ ಡಬ್ಬ ಅಂತ ಬೋರ್ಡು ಬಿತ್ತು. ಮೆಲ್ಬರ್ನ್ ಚಳಿಗಾಲದಲ್ಲಿ ಹಗಲು ಬರೀ ಒಂಬತ್ತೂವರೆ ಗಂಟೆ. ಬೆಳಕಿಲ್ಲದೆ ಪಕ್ಕದ ಕೋಳಿಗಳೂ ಮುಷ್ಕರ ಹೂಡಿದ್ದವು. ಆದರೂ ಆ ಶನಿವಾರ ಬಟ್ಟಲು ಮೇಲೆದ್ದಿತು. ಒಳಗೆ ಒಂದೇ ಮೊಟ್ಟೆ.

ವಾಪಸ್ ಬೇಲಿ ಮೇಲೇ ತಳ್ಳಿದೆ. ಆ ಕಡೆಯಿಂದ ಮತ್ತೆ ತಳ್ಳಿದರು. ಮೂರು ಸಲ ಆಯ್ತು. ಕೊನೆಗೆ ಒಳಗೆ ಹೋಗಿ, ಅದನ್ನೇ ಸಾರಿಗೆ ಒಡೆದು ಹಾಕಿ, ಡಬ್ಬಿಯಲ್ಲಿ ತುಂಬಿ, ಮುಂದಿನ ಬಾಗಿಲಿಂದ ಹೋಗಿ ಬೆಲ್ ಒತ್ತಿದೆ.